ಆರನೇ ಬೆರಳು

ಲಿಫ್ಟು ಹತ್ತರಲ್ಲಿ ನಿಂತಿದೆ ಅಂತ ಫೋನು.
ಜಕ್ಕೂರು ಕೆರೆ ಪಕ್ಕದ ಹದಿನಾರು ಮಹಡಿ,
ಆಯುಧಪೂಜೆಯ ಮಾರನೇ ದಿನ.
ಗೇಟಿನೆದುರು ಒಡೆದ ಬೂದುಗುಂಬಳ, ಕುಂಕುಮ ಮೆತ್ತಿದ ತಿರುಳು,
ಸ್ಕೂಟರುಗಳ ಕೊರಳಲ್ಲಿ ಬಾಡುತ್ತಿದ್ದ ಚೆಂಡುಹೂವು.
ಚೀಲ ಹೊತ್ತು ಮೆಟ್ಟಿಲು ಹತ್ತಿದೆ.
ಲಿಫ್ಟು ರಿಪೇರಿಯವನಿಗೆ ಲಿಫ್ಟಿಲ್ಲ,
ನಮ್ಮ ಕಸುಬಿನ ಹಳೇ ಜೋಕು.

ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ
ಮಡಚೋ ಕುರ್ಚಿ ಹಾಕಿ ಕೂತಿದ್ದರು ಸೆಲಿನಮ್ಮ.
ಮಡಿಲಲ್ಲಿ ಅಭ್ಯಾಸಬಲದ ದುರ್ಬೀನು,
ಗೆರೆ ಹಾಕಿದ ನೋಟುಬುಕ್ಕು, ಕಿತ್ತಳೆ ಸಿಪ್ಪೆ.
ಮುಖ ಬಡಗಣಕ್ಕೆ.

"ಮೋಟಾರು ಆಮೇಲೆ ನೋಡಪ್ಪಾ, ಮೊದಲು ಅದನ್ನು ನೋಡು.
ಎಡಗಣ್ಣಿಗೆ ಪೊರೆ, ಬಲಗಣ್ಣಿಗೆ ನಿನ್ನೆ ಕಟ್ಟಿದ ಪಟ್ಟಿ.
ಹೇಳು, ಎಷ್ಟಿವೆ?"

ನಂದಿಬೆಟ್ಟ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗಿತ್ತು.
ಅದರೀಚೆ, ಮಳೆ ಬಿಟ್ಟುಹೋದ ಖಾಲಿ ಆಕಾಶದಲ್ಲಿ
ಕಲಕಿದ ಲೋಟದೊಳಗಿನ ಟೀಪುಡಿ ಥರ
ಕಪ್ಪು ಚುಕ್ಕಿಗಳು ಸುತ್ತುತ್ತಿದ್ದವು,
ಸುತ್ತುತ್ತಲೇ ಏರುತ್ತಿದ್ದವು.

"ಹದ್ದು" ಅಂದೆ. "ಕಲಾಸಿಪಾಳ್ಯದಲ್ಲಿ ದಿನಾ ನೋಡೋದೇ."
"ಹದ್ದೇ. ಯಾವೂರ ಹದ್ದು?"

ಮೂವತ್ತೊಂದು ವರ್ಷ ಅಂಚೆಕಚೇರಿಯಲ್ಲಿ
ಕಾಗದ ವಿಂಗಡಿಸಿದ ಹೆಂಗಸು.
ಅಕ್ಷರದ ವಾಲು ಕಂಡೇ ಊರು ಹೇಳುತ್ತಿದ್ದರಂತೆ,
ವಿಳಾಸ ಓದುವ ಮೊದಲು.
ಇಲ್ಲಿಯದಕ್ಕೆ ರೆಕ್ಕೆಯಂಚಲ್ಲಿ ಐದು ಬೆರಳು,
ಹಿಮದಾಚೆಯಿಂದ ಬಂದದ್ದಕ್ಕೆ
ಆರನೇದೂ ಬಿಡಿಸಿಕೊಂಡು ನಿಲ್ಲುತ್ತೆ ಅಂದರು.
"ಎಣಿಸು."

ನನ್ನ ಎಡಗೈಗೆ ಬೆರಳು ನಾಲ್ಕು.
ಒಂದನ್ನು ಯಶವಂತಪುರದ ರಾಟೆಯೊಂದು ಇಟ್ಟುಕೊಂಡಿದೆ,
ಹಗ್ಗ ಜಾರಿದ ದಿನದಿಂದ.
ಮಡಚುತ್ತ ಮಡಚುತ್ತ ಎಣಿಸಿದೆ.
ಕೈ ಮುಗಿದರೂ ರೆಕ್ಕೆ ಮುಗಿಯಲಿಲ್ಲ.
ಬಲಗೈಯಿಂದ ಎರಡು ಸಾಲ ತಂದು
"ಆರು" ಅಂದೆ.
ದನಿ ಯಾಕೋ ಸಣ್ಣಗಾಯಿತು.

ಅವರು ಹಾಳೆಯ ಅಂಚು ತಡವಿ
ಗೆರೆಯ ಹೊರಗೆಲ್ಲೋ ಬರೆದುಕೊಂಡರು.

ಆಮೇಲೆ ನಾನು ಹೇಳುತ್ತ ಹೋದೆ, ಅವರು ಹೆಸರಿಡುತ್ತ.
ಹೆಗಲಿನ ಎರಡೂ ಬದಿಗೆ ಪುಟ್ಟ ಹೆಡ್‌ಲೈಟು ಹಚ್ಚಿಕೊಂಡ ಗಿಡುಗ.
ಜೊಂಡಿನ ಮೇಲೆ, ಲಂಗ ನೆನೆಯದ ಹಾಗೆ ಎತ್ತಿ ಹಿಡಿದವಳಂತೆ
ರೆಕ್ಕೆ ಎತ್ತಿಕೊಂಡೇ ವಾಲಾಡುವ ಸೆಳೆವ.
ಒಂದು ಹೆಜ್ಜಾರ್ಲೆಯನ್ನೂ ಸೇರಿಸಿಬಿಟ್ಟೆ; ಬೈದರು.
ಏರೋಡ್ರೋಮಿನ ಮರಿ ವಿಮಾನ ಗೊರಗೊರ ಬಂದಾಗ
ಇಡೀ ಸುಳಿ ಒಂಚೂರು ಸರಿಯಿತು,
ಬಸ್ಸಿನ ಸೀಟಲ್ಲಿ ಜಾಗ ಬಿಡುವ ಹಾಗೆ.

ನನಗೆ ಗೊತ್ತಿರುವ ಏರಿಕೆ ಒಂದೇ:
ಈ ಕಡೆ ಪೆಟ್ಟಿಗೆ ಮೇಲೆ ಹೋಗಬೇಕಾದರೆ
ಆ ಕಡೆ ಕಬ್ಬಿಣ ಕೆಳಗಿಳಿಯಬೇಕು.
ಇವಕ್ಕೆ ಇಳಿಯುವುದು ಯಾವುದು?
ಬಗ್ಗಿ ನೋಡಿದೆ. ಕಾದ ಡಾಂಬರು, ಕಾರಿನ ತಗಡು,
ಮುಗಿಯದ ಫ್ಲೈಓವರಿನ ಸಿಮೆಂಟು.
ನಾವು ಬೈದುಕೊಳ್ಳುವ ಸೆಕೆ
ಸುರುಳಿ ಸುತ್ತಿ ಮೇಲೆ ಹೋಗುತ್ತಿತ್ತು.
ಒಂದೂ ರೆಕ್ಕೆ ಬಡಿಯಲಿಲ್ಲ.

ಹತ್ತನೆಯವರು ಕೂಗಿದರು. ಬ್ರೇಕಿನ ಕಾಯಿಲು ಸುಟ್ಟಿತ್ತು, ಬದಲಿಸಿದೆ.
"ಇಳಿಯೋಣ ಬನ್ನಿ, ಓಡುತ್ತಿದೆ" ಅಂದರೆ
"ಇನ್ನೂ ಬರೋರಿದ್ದಾರೆ" ಅಂದರು ಸೆಲಿನಮ್ಮ,
ಯಾವ ಕಣ್ಣಲ್ಲೂ ನೋಡದೆ, ಉತ್ತರಕ್ಕೇ ತಿರುಗಿ.

ಹೆಬ್ಬಾಳದ ಸಿಗ್ನಲ್ಲಿನಲ್ಲಿ, ಕುರಿಮಾಂಸದಂಗಡಿಯ ನೆತ್ತಿಯಲ್ಲಿ
ಒಂದು ಹದ್ದು ತೀರ ತಗ್ಗಿನಲ್ಲಿ ತಿರುಗುತ್ತಿತ್ತು.
ಐದೇ ಇರಬೇಕು. ಇನ್ನೊಮ್ಮೆ ಎಣಿಸಿದೆ.
ಹಿಂದಿನವನು ಹಾರನ್ ಒತ್ತಿದ.
ಗಾಡಿ ಬಿಟ್ಟೆ.
ಎಡಗೈ ಗ್ಲೌಸಿನ ಖಾಲಿ ಬೆರಳೊಳಗೆ
ಗಾಳಿ ತುಂಬಿ ನಿಂತಿತು.